ಮೇಲಿನಿಂದ ನೋಡಿದಾಗ ಕಾಣುವ ಖೋಲಿ

೧

ಎಲ್ಲಿಂದ ಶುರು ಮಾಡಲಿ? ಗೋಕಾಕ ಅಂದಕೂಡಲೇ ಫಾಲ್ಸ್‌ನಿಂದ ಶುರು ಮಾಡಬೇಕು ಅನ್ನುವುದು ಒಂದು ರೂಢಿ. ಬರೆದೆ. ನೀರು ಧುಮ್ಮಿಕ್ಕಿತು, ತುಂತುರು ಹಾರಿತು, ಹೇಳದೆ ಕೇಳದೆ ಒಂದು ಕಾಮನಬಿಲ್ಲೂ ಮೂಡಿತು. ಓದಿ ನನಗೇ ನಾಚಿಕೆಯಾಗಿ ಅಳಿಸಿದೆ. ಈ ಕಥೆ ನಡೆಯುವುದು ಬಸ್‌ಸ್ಟ್ಯಾಂಡಿನ ಹಿಂದೆ, ಒಂದು ಮಹಡಿಯ ಮೇಲಿನ ಆಫೀಸಿನಲ್ಲಿ. ಅದರ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕಾಣುತ್ತದೆ.

(ಫಾಲ್ಸ್ ಬೇಕಾದವರು ರವಿವಾರ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿ ಬನ್ನಿ. ನಾವು ಇಲ್ಲೇ ಇರುತ್ತೇವೆ.)

೨

ಸಂಘಮಿತ್ರಾ ಹುಕ್ಕೇರಿ ಕಡೆಯವಳು. ನಿಡಸೋಸಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಈಗ ಗೋಕಾಕದಲ್ಲಿ ಗಜಾನನ ಸಾಹೇಬರ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಸಾಹೇಬರು ಕಂಪ್ಯೂಟರಿನೊಳಗೆ ಕಟ್ಟಡದ ತ್ರೀಡಿ ಮಾಡೆಲ್ ನಿಲ್ಲಿಸುತ್ತಾರೆ. ಅದನ್ನು ಚಪ್ಪಟೆ ಮಾಡಿ ಹಾಳೆಗೆ ಇಳಿಸುವುದು ಇವಳ ಕೆಲಸ: ಪ್ಲಾನು, ಎಲಿವೇಶನ್ನು, ಸೆಕ್ಷನ್ನು, ಅಳತೆ, ಖೋಲಿಗಳ ಹೆಸರು. ತ್ರೀಡಿ ಚಿತ್ರ ನೋಡಿ ಜನ ಬಾಯಿ ಬಿಡುತ್ತಾರೆ. ಆದರೆ ಗೌಂಡಿಗೆ ಗೋಡೆ ಕಟ್ಟಲು ಬೇಕಾಗುವುದು ಈ ಚಪ್ಪಟೆ ಹಾಳೆಯೇ.

ಈ ಸಲದ್ದು ಮೂಡಲಗಿ ತಾಲೂಕಿನ ಒಂದು ಊರಿನ ಸಮುದಾಯ ಭವನ. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರಿನವರೆಲ್ಲ ನಿರಾಳವಾಗಿಬಿಡುತ್ತಾರೆ. ಸಾಹೇಬರು ಮಾಡಿದ ಬಣ್ಣದ ಚಿತ್ರವನ್ನು ನೀವು ನೋಡಬೇಕಿತ್ತು. ಮುಂದೆ ಹುಲ್ಲುಹಾಸು, ಅದರ ಮೇಲೆ ಬಲೂನು ಹಿಡಿದ ಇಂಗ್ಲೆಂಡಿನ ಮಗು, ಒಂದು ಕೆಂಪು ಕಾರು, ಮೂಡಲಗಿಯ ಮಣ್ಣು ಎಂದೂ ಕಂಡಿರದ ಮರಗಳು. ಭವನ ಸಮಿತಿಯ ಅಧ್ಯಕ್ಷ ಮಾಲಿಂಗಪ್ಪನವರು ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ, ಕೆಳಗೆ 'ಸರ್ವರಿಗೂ ಸ್ವಾಗತ' ಎಂದು ಬರೆದರು. ಎಂಥ ದೊಡ್ಡ ಮನಸ್ಸು!

೩

ಪ್ಲಾನ್ ಅಂದರೇನು ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ಸಾಫ್ಟ್‌ವೇರ್ ಕಟ್ಟಡವನ್ನು ಎದೆಮಟ್ಟದಲ್ಲಿ ಅಡ್ಡ ಕೊಯ್ದು, ಮೇಲಿನ ಭಾಗವನ್ನು ಎತ್ತಿಟ್ಟು, ಮೇಲಿನಿಂದ ಒಳಗೆ ನೋಡುತ್ತದೆ. ಬಣ್ಣದ ಚಿತ್ರ ತೆಗೆಯುವಾಗ ಕ್ಯಾಮೆರಾವನ್ನು ತಮಗೆ ಬೇಕಾದ ಕಡೆ ನಿಲ್ಲಿಸಿ, ಬೇಡವಾದದ್ದನ್ನು ಮರೆಮಾಡಬಹುದು. ಇಲ್ಲಿ ಆ ಆಟ ನಡೆಯುವುದಿಲ್ಲ. ಮುಂದಿನ ಕಮಾನಿಗೂ ಹಿಂದಿನ ಹಿತ್ತಲಬಾಗಿಲಿಗೂ ಇಲ್ಲಿ ಒಂದೇ ಮರ್ಯಾದೆ.

ಸಂಘಮಿತ್ರಾ ಬಟನ್ ಒತ್ತಿದಳು. ವೇದಿಕೆ ಬಂತು, ದೊಡ್ಡ ಹಾಲ್ ಬಂತು, ಊಟದ ಹಾಲ್ ಬಂತು, ಅಡುಗೆಮನೆ ಬಂತು. ಅಡುಗೆಮನೆಯ ಹಿಂದೆ ಇನ್ನೊಂದು ಖೋಲಿಯೂ ಬಂತು. ಅದಕ್ಕೆ ಊಟದ ಹಾಲ್‌ನಿಂದ ಬಾಗಿಲಿಲ್ಲ, ಅಡುಗೆಮನೆಯಿಂದಲೂ ಇಲ್ಲ. ಇದ್ದ ಒಂದೇ ಬಾಗಿಲು ಹಿತ್ತಲ ಕಡೆಗೆ. ಒಳಗೆ ಗೋಡೆಗುಂಟ ಕೂರುವ ಕಟ್ಟೆ, ಮೂಲೆಯಲ್ಲಿ ಬೇರೆ ನಲ್ಲಿ. ಅಡುಗೆಮನೆಯ ಗೋಡೆಯಲ್ಲಿ ಒಂದು ಕಿಂಡಿ, ತಾಟು ದಾಟಿಸುವಷ್ಟು ಅಗಲದ್ದು.

ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಅವಳ ಅಜ್ಜಿ ರಾಯವ್ವ ಇಂಥ ಕಿಂಡಿಗಳಿಗೆ ಕೈಯೊಡ್ಡಿ ಉಂಡವಳು. ಅಜ್ಜಿಯ ಕಾಲದಲ್ಲಿ ಅದಕ್ಕೆ ತ್ರೀಡಿ ಮಾಡೆಲ್ ಇರಲಿಲ್ಲ, ಅಷ್ಟೇ ನಾವು ಮಾಡಿದ ಪ್ರಗತಿ.

('ಈಗ ಎಲ್ಲಿದೆ ಅದೆಲ್ಲ?' ಎಂದು ಕೇಳುವ ಓದುಗರು ದಯವಿಟ್ಟು ಇಲ್ಲಿಗೇ ಎದ್ದು ಹೋಗಿ. ನಿಮಗೆ ಮುಂಬಾಗಿಲು ಯಾವಾಗಲೂ ತೆರೆದೇ ಇರುತ್ತದೆ.)

೪

ಎಲ್ಲ ಖೋಲಿಗಳಿಗೂ ಹೆಸರು ಬರೆದ ಅವಳು ಅದೊಂದನ್ನು ಖಾಲಿ ಬಿಟ್ಟಳು. ಗಜಾನನ ಸಾಹೇಬರು ಹಿಂದೆ ಬಂದು ನಿಂತರು.

"ಇದಕ್ಯಾಕ ಹೆಸರ ಹಾಕಿಲ್ಲ?"

"ಏನಂತ ಹಾಕ್ಲಿ ಸರ್?"

"ಸ್ಟೋರ್ ಅಂತ ಹಾಕು."

"ಸ್ಟೋರ್‌ನ್ಯಾಗ ಕುಂದ್ರಾಕ ಕಟ್ಟಿ ಯಾಕ್ರಿ? ಅಕ್ಕಿ ಚೀಲ ಸಾಲಾಗಿ ಕುಂತು ಉಣ್ತಾವೇನ್ರಿ?"

'ಗಜಾನನ ಸಾಹೇಬರು ಕೆಟ್ಟವರಲ್ಲ' ಎಂದು ಇಲ್ಲಿ ಬರೆಯಲು ಹೊರಟಿದ್ದೆ. ನಮ್ಮ ಕಥೆಗಳಲ್ಲಿ ಹೇಡಿಗಳಿಗೆಲ್ಲ ಈ ಸರ್ಟಿಫಿಕೇಟು ಪುಕ್ಕಟೆ ಸಿಗುತ್ತದೆ. ಸಾಹೇಬರು ಸಂಘಮಿತ್ರಾಳ ಡಬ್ಬಿಯಿಂದ ಶೇಂಗಾ ಚಟ್ನಿ ಹಾಕಿಸಿಕೊಂಡು ತಿನ್ನುತ್ತಾರೆ, ತಿಂದು ಹೊಗಳುತ್ತಾರೆ. ಗಿರಾಕಿ ಕೇಳಿದರೆ ಗೋಡೆಯಲ್ಲಿ ಕಿಂಡಿಯನ್ನೂ ಬರೆದುಕೊಡುತ್ತಾರೆ. ಎರಡನ್ನೂ ಒಂದೇ ಕೈಯಿಂದ ಮಾಡುತ್ತಾರೆ.

"ನೋಡವಾ, ನಾ ಇದೆಲ್ಲಾ ನಂಬಾಂವ ಅಲ್ಲ. ಗಿರಾಕಿ ಕೇಳ್ಯಾರ, ಬರದೇನಿ. ನೀ ಸ್ಟೋರ್ ಅಂತ ಬರದು ಕೆಳಗ ಮೂಲ್ಯಾಗ ನಿನ್ನ ಹೆಸರ ಹಾಕು. ನಾಳಿ ಮಾಲಿಂಗಪ್ಪನವರು ಬರ್ತಾರ. ಆಗೂದಿಲ್ಲಂದ್ರ ಬ್ಯಾರೆ ಕಡೆ ಕೆಲಸ ನೋಡ್ಕೋ."

ಹಾಳೆಯ ಕೆಳಮೂಲೆಯಲ್ಲಿ 'ಬರೆದವರು' ಎಂಬ ಒಂದು ಚೌಕವಿರುತ್ತದೆ. ಆ ಚೌಕದಲ್ಲಿ ತನ್ನ ಹೆಸರು ಬರಲಿ ಎಂದೇ ಅವಳು ಓದಿದ್ದಳು. ಸ್ಟೋರ್ ಎಂದು ಬರೆದರೆ ಆ ಕಿಂಡಿಯ ಗೋಡೆ ಏಳುವುದು ಅವಳ ಹೆಸರಿನಲ್ಲಿ. ಬರೆಯದಿದ್ದರೆ ಕೆಲಸ ಹೋಗುತ್ತದೆ. ಓದಿಗೆ ತಕ್ಕ ಕೆಲಸ, ಅದೂ ಮನೆಯಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ, ಈ ಸೀಮೆಯಲ್ಲಿ ಇನ್ನೊಂದು ಸಿಗುವುದು ಕಷ್ಟ.

೫ (ಮುಕ್ತಾಯ, ಮೊದಲ ಆಯ್ಕೆ)

ಸಂಘಮಿತ್ರಾ ಹಾಳೆಯನ್ನು ಚೂರುಚೂರು ಮಾಡಿ ಸಾಹೇಬರ ಮುಖಕ್ಕೆ ಎಸೆದು, ತಲೆಯೆತ್ತಿ ಮೆಟ್ಟಿಲಿಳಿದಳು.

"ಏನ್ರಿ ಇದು?" ಎಂದು ಅವಳು ಮೆಟ್ಟಿಲ ಮೇಲಿಂದಲೇ ನನಗೆ ಜೋರು ಮಾಡಿದಳು. "ಚಪ್ಪಾಳಿ ನಿಮಗ, ಮನ್ಯಾಗ ಕುಂದ್ರೂದು ನನಗ. ಶೀಟ್ ಹರದ್ರ ಏನ ಆತು? ಇನ್ನೊಂದು ಪ್ರಿಂಟ್ ತಗೀತಾರ."

ಅಳಿಸಿದೆ.

೫ (ಮತ್ತೆ)

ಸಂಘಮಿತ್ರಾ ಯಾರಿಗೂ ತಿಳಿಯದಂತೆ ಮಾಡೆಲ್‌ನಿಂದ ಆ ಖೋಲಿಯನ್ನೇ ಕಿತ್ತುಹಾಕಿದಳು.

"ನಾ ಕಳ್ಳಿ ಏನ್ರಿ? ಮಾಡೆಲ್ ಸಾಹೇಬರ ಕಂಪ್ಯೂಟರಿನ್ಯಾಗೂ ಐತಿ. ಒಂದು ಚಾ ಕುಡ್ಯೂದ್ರಾಗ ಗೊತ್ತಾಗತೈತಿ."

೫ (ಮೂರನೆಯದು, ಸ್ಪರ್ಧೆಗೆ ಕಳಿಸಬಹುದಾದದ್ದು)

ಮಾಲಿಂಗಪ್ಪನವರ ಕಣ್ಣು ತೇವವಾಯಿತು. "ತಪ್ಪಾತವಾ" ಎಂದರು. ಭವನದ ಉದ್ಘಾಟನೆಯ ದಿನ ಊರಿಗೆ ಊರೇ ಒಂದೇ ಸಾಲಿನಲ್ಲಿ ಕುಳಿತು ಹೋಳಿಗೆ ಉಂಡಿತು.

ಸಂಘಮಿತ್ರಾ ಬಿದ್ದು ಬಿದ್ದು ನಕ್ಕಳು. ನಗು ಮುಗಿದ ಮೇಲೆ ಅವಳ ಮುಖ ನೋಡುವುದು ನನಗೆ ಕಷ್ಟವಾಯಿತು.

"ಮೂಡಲಗಿ ಕಡೆ ಯಾವಾಗರೆ ಹೋಗೀರೇನ್ರಿ ನೀವು?"

"ಮತ್ತೆ ನಾನೇನು ಮಾಡಲಿ?"

"ಏನೂ ಮಾಡಬ್ಯಾಡ್ರಿ. ಅವ್ರು ಬರ್ಲಿ. ನೀವು ಬಾಜೂಕ ಸುಮ್ಮ ಕುಂದರ್ರಿ."

ಕುಳಿತೆ.

೬

ಮಾಲಿಂಗಪ್ಪನವರು ಕರದಂಟಿನ ಡಬ್ಬಿ ಹಿಡಿದು ಬಂದರು. ಗಜಾನನ ಸಾಹೇಬರು ತಮ್ಮ ಖುರ್ಚಿಯನ್ನೇ ಬಿಟ್ಟುಕೊಟ್ಟರು.

"ಎಲ್ಲಾ ಮುಗೀತೇನ್ರಿ ಸಾಹೇಬ್ರ?"

"ಒಂದು ಹೆಸರ ಉಳದೈತ್ರಿ ಯಜಮಾನ್ರ," ಎಂದು ಸಂಘಮಿತ್ರಾ ಹಾಳೆಯನ್ನು ಅವರ ಕಡೆಗೆ ತಿರುಗಿಸಿದಳು. "ಈ ಹಿಂದಿನ ಖೋಲಿದು. ಸಾಹೇಬರು ಸ್ಟೋರ್ ಅಂತಾರ. ಸ್ಟೋರ್ ಆದ್ರ ಕಟ್ಟಿ ತಗೀತೀನಿ, ನಲ್ಲಿ ತಗೀತೀನಿ, ಕಿಂಡಿ ಮುಚ್ಚಿ ಅಡಗಿಮನಿ ಕಡಿಂದ ಬಾಗಲಾ ಇಡ್ತೀನಿ. ಹೌದಲ್ರಿ?"

"ಏ, ಹಂಗಲ್ಲವಾ. ಕಟ್ಟಿ ಬೇಕು. ನಲ್ಲಿನೂ ಬೇಕು. ಕಿಂಡಿ ಅಂತೂ ಬೇಕ ಬೇಕು."

"ಹಂಗಾರ ಇದು ಏನ್ರಿ? ನೀವು ಹೇಳಿದ್ದ ಬರೀತೀನಿ. ಹೇಳ್ರಿ."

ಗಜಾನನ ಸಾಹೇಬರು ಕೆಮ್ಮಿದರು, ಫ್ಯಾನಿನ ಕಡೆ ನೋಡಿದರು. ಮಾಲಿಂಗಪ್ಪನವರಿಗೆ ಹೆಸರು ಚೆನ್ನಾಗಿಯೇ ಗೊತ್ತಿತ್ತು. ಊರಲ್ಲಿ ನಾಲ್ಕು ಜನರ ನಡುವೆ ಕುಳಿತು ಆ ಹೆಸರು ಹೇಳಿಯೇ ಈ ಖೋಲಿ ಬೇಕೆಂದು ವಾದಿಸಿದವರು ಅವರು. ಅಚ್ಚಾಗುವ ಹಾಳೆಯ ಮುಂದೆ ಮಾತ್ರ ನಾಲಿಗೆ ಹೊರಳಲೊಲ್ಲದು. ಕೊನೆಗೆ, ಇಂಥವರು ದಾರಿ ಕಾಣದಾದಾಗ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ನೀ ಯಾರ ಪೈಕಿ, ತಂಗಿ?"

(ಇಲ್ಲಿಗೆಂದೇ ನಾನೊಂದು ಭಾಷಣ ಬರೆದಿಟ್ಟಿದ್ದೆ. ಸಂವಿಧಾನ, ಸಮಾನತೆ, ಎಲ್ಲ ಇತ್ತು, ತುಂಬ ಚೆನ್ನಾಗಿಯೂ ಇತ್ತು. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.)

ಸಂಘಮಿತ್ರಾ ಆ ಖಾಲಿ ಖೋಲಿಯ ನಡುವೆ ಬೆರಳಿಟ್ಟಳು.

"ಇದರಾಗ ಕುಂದ್ರಾಕಿ ರೀ ನಾ. ಈ ಕಟ್ಟಿ ಮ್ಯಾಲ. ಈಗ ಹೆಸರ ಹೇಳ್ರಿ."

೭

ಮಾಲಿಂಗಪ್ಪನವರು ಬಾಯಿ ತೆರೆದಿದ್ದಾರೆ. ನೀವು ನನ್ನನ್ನು ನೋಡುತ್ತಿದ್ದೀರಿ.

ಅವರ ಬಾಯಿಗೆ ಮಾತು ಹಾಕುವುದು ನನ್ನ ಕೈಯಲ್ಲೇ ಇದೆ. ಒಂದು ಬೈಗುಳ ಹಾಕಬಹುದು, ಒಂದು ಕ್ಷಮೆ ಹಾಕಬಹುದು, 'ಸಾಹೇಬ್ರ, ನೀವ ಏನರೆ ಬರೀರಿ' ಎಂದು ಜಾರಿಸಬಹುದು. ಬೈದರೆ ಖಳನಾಯಕ ಅಂತ ನಿಮಗೆ ಸಮಾಧಾನ, ಕ್ಷಮೆ ಕೇಳಿದರೆ ದೊಡ್ಡವರು ಅಂತ ಸಮಾಧಾನ, ಜಾರಿಕೊಂಡರೆ ಲೋಕವೇ ಹೀಗೆ ಅಂತ ಸಮಾಧಾನ. ಯಾವುದನ್ನೂ ಕೊಡುವುದಿಲ್ಲ. ಖೋಲಿ ಬೇಕೆಂದು ಕೇಳಿ ಬರೆಸಿಕೊಂಡವರು ಹೆಸರನ್ನೂ ತಾವೇ ಹೇಳಲಿ.

ಸಂಘಮಿತ್ರಾ ಕೀಬೋರ್ಡಿನ ಮೇಲೆ ಕೈಯಿಟ್ಟು ಕಾಯುತ್ತಿದ್ದಾಳೆ. ಅವಳಿಗೇನೂ ಅವಸರವಿಲ್ಲ. ಹುಕ್ಕೇರಿ ಕಡೆಗೆ ಸಂಜೆಯವರೆಗೂ ಬಸ್ಸುಗಳಿವೆ.