ಹರಿಯಲ್ ಮುಟ್ಟದ ಜೋಳ

ರಸ್ತೆ ಅಗಲ ಮಾಡಲು ಆಲದ ಮರ ಕಡಿದಾಗ ರೆಕ್ಕೆ ಮುರಿದು ಬಿದ್ದ ಹಸಿರು ಪಾರಿವಾಳವನ್ನು ಜಲಾಲುದ್ದೀನ್ ಬಸವಕಲ್ಯಾಣದ ತನ್ನ ಮನೆಗೆ ತಂದ. ಹರಿಯಲ್ ಎಂಬ ಈ ಹಕ್ಕಿ ಸಾಯುವ ತನಕ ನೆಲಕ್ಕೆ ಕಾಲಿಡುವುದಿಲ್ಲವೆಂದು ಅವನ ಅಜ್ಜ ಹೇಳುತ್ತಿದ್ದ. ಅದಕ್ಕೇ ಪಂಜರದಲ್ಲಿ ಎತ್ತರಕ್ಕೆ ಆಲದ ರೆಂಬೆ ಕಟ್ಟಿದ. ಪಂಜರ ಹೊಲಸಾದೀತೆಂದು ರೆಂಬೆಯ ಹಣ್ಣುಗಳನ್ನೆಲ್ಲ ಕಿತ್ತು ಹಿತ್ತಲಿಗೆ ಎಸೆದು, ಪಕ್ಕದಲ್ಲಿ ಬಟ್ಟಲು ತುಂಬ ಬಿಳಿಜೋಳ ತೂಗುಹಾಕಿದ. ಕೆಳಗೆ ಅವನ ಹಳೆಯ ಬೆಳವಕ್ಕಿ ಅದೇ ಜೋಳ ಹೆಕ್ಕಿ ಗುಂಡಗಾಗಿತ್ತು.

"ನವಾಬಿ ನೋಡು ಇದರ್ದು! ತಂದಾಗಿಂದ ಬಟ್ಟಲ ಮುಟ್ಟವಲ್ದು. ಬೆಳವ ತಿನ್ನಾಕತ್ತದ, ಇದಕ್ಕೇನು ಧಾಡಿ?" ಎಂದು ಸಿಡುಕಿದ.

ಹುಮನಾಬಾದಿನ ಗಂಡನ ಮನೆಯಿಂದ ಹೇಳದೆ ಕೇಳದೆ ಬಂದಿದ್ದ ಮಗಳು ಸರ್ವರಿ ಪಂಜರದ ಬಳಿ ಕೂತಿದ್ದಳು. ಬಂದ ದಿನ ಅವಳನ್ನೂ ಹೀಗೇ ಬೈದಿದ್ದ: "ನಿಮ್ಮಕ್ಕ ಅಂಥಾದೇ ಮನ್ಯಾಗ ಬಾಳೇವು ಮಾಡಾಕತ್ತಾಳ. ನಿನಗೇನ್ ಕಮ್ಮಿ?" ಈಗ ವಾಪಸು ಕಳಿಸಲು ಟ್ರಂಕಿಗೆ ಹಗ್ಗ ಬಿಗಿದಿದ್ದ.

"ಅಬ್ಬಾಜಾನ್, ಅದು ಕಾಳು ತಿನ್ನಾಂಗಿಲ್ರಿ," ಎಂದಳು ಸರ್ವರಿ. "ಅದಕ್ಕ ಆಲದ ಹಣ್ಣು ಬೇಕ್ರಿ."

ಜಲಾಲುದ್ದೀನ್ ಹಿತ್ತಲಿಗೆ ಓಡಿ, ತಾನೇ ಎಸೆದಿದ್ದ ಹಣ್ಣು ಆರಿಸಿ ತಂದ. ಅಷ್ಟರಲ್ಲಿ ಹರಿಯಲ್ ರೆಂಬೆ ಹಿಡಿದುಕೊಂಡೇ ತಲೆಕೆಳಗಾಗಿ ಸತ್ತಿತ್ತು. ಬಟ್ಟಲು ತುಂಬಿದಂತೆಯೇ ಇತ್ತು.

ಅದನ್ನು ಬಿಡಿಸಲು ಸರ್ವರಿ ಕೈ ಎತ್ತಿದಳು. ಮದುವೆಯಲ್ಲಿ ಸಾಬೂನು ಹಚ್ಚಿ ಒತ್ತಿ ತೊಡಿಸಿದ್ದ ಬಳೆಗಳು ಜಾರಿ ಮೊಣಕೈಗೆ ಬಂದವು.

"ಅಲ್ಲಿ ನಿನಗ ಏನಾಗ್ಯದ, ಬೇಟಿ?" ಎಂದು ಅವನು ಮೊದಲ ಸಲ ಕೇಳಿದ.

ಅವಳು ಬಳೆಗಳನ್ನು ಮಣಿಕಟ್ಟಿಗೆ ಎಳೆದುಕೊಂಡಳು. ಅವನು ಹಗ್ಗ ಬಿಚ್ಚಲು ಟ್ರಂಕಿನ ಮುಂದೆ ಕುಕ್ಕರಿಸಿದ. ಅವನೇ ಬಿಗಿದ ಗಂಟು ಅವನ ಕೈಯಿಂದಲೇ ಬಿಚ್ಚಲಾಗಲಿಲ್ಲ.