ಬಚ್ಚಲ ಕಿಂಡಿ

ನಮ್ಮ ಬಚ್ಚಲಲ್ಲಿ ಒಂದು ನೀಲಿ ಕಣ್ಣಿತ್ತು. ಗೋಡೆಗೆ ತಗುಲಿಹಾಕಿದ ಬಿಳೀ ಡಬ್ಬ, ಅದರ ಹೊಟ್ಟೇಲಿ ರೂಪಾಯಿ ಅಗಲದ ತೂತು, ಆ ತೂತಿನೊಳಗೆ ಉರಿ. ನಲ್ಲಿ ತಿರುಗಿಸಿದ ತಕ್ಷಣ ಟಕ್‌ಟಕ್ ಅಂತ ರೆಪ್ಪೆ ಬಡಿದು ಕಣ್ಣು ಬಿಡೋದು. ನಲ್ಲಿ ನಿಲ್ಲಿಸಿದರೆ ಮುಚ್ಚಿಕೊಳ್ಳೋದು. ಹೇಳಿದ ಮಾತು ಅಷ್ಟು ಬೇಗ ಕೇಳೋ ಪ್ರಾಣಿ ನಮ್ಮ ವಂಶದಲ್ಲೇ ಹುಟ್ಟಿರಲಿಲ್ಲ.

ಅದಕ್ಕೆ ಮೊದಲು ಅಲ್ಲಿ ಹಂಡೆ ಒಲೆ ಇತ್ತು. ಸೌದೆ ಹಸಿಯಾಗಿದ್ದರೆ ಹೊಗೆ, ಒಣಗಿದ್ದರೂ ಹೊಗೆ. ನಾವು ಮನೆಮಂದಿಯೆಲ್ಲ ಅತ್ತುಕೊಂಡೇ ಸ್ನಾನ ಮುಗಿಸಿ ದೇವರ ಮುಂದೆ ನಿಲ್ಲುತ್ತಿದ್ದರಿಂದ ನಮ್ಮ ಭಕ್ತಿಯ ಬಗ್ಗೆ ಬೀದೀಲಿ ಒಳ್ಳೇ ಹೆಸರಿತ್ತು. ತಂಗಿ ವಾರಿಜಾ ಚೊಚ್ಚಲ ಹೆರಿಗೆಗೆ ಬಂದಾಗ, ಬಾಣಂತಿಗೆ ಹೊಗೆ ಆಗಬಾರದು ಅಂತ ಒಲೆ ಒಡೆಸಿ ಗ್ಯಾಸ್ ಗೀಸರ್ ಹಾಕಿಸಿದೆ. ಹಂಡೆ ಹೋಯ್ತು, ಗುಂಡಿ ಬಂತು ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಹಾಕೋಕೆ ಬಂದವರು ರಿಪೇರಿ ಪ್ಯಾರೇಜಾನ್ ಸಾಬ್ರು. ಊರಿನ ಸ್ಟೌವು, ಫ್ಯಾನು, ಪಂಪುಗಳೆಲ್ಲ ಅವರ ಕೈ ಸೋಕಿಸಿಕೊಂಡೇ ಮುಪ್ಪಾದಂಥವು.

“ಇದನ್ನ ಹೊರಗಡೆ ಗೋಡೆಗೆ ಹಾಕಿಸ್ಕೊಳ್ಳಿ ಸ್ವಾಮಿ,” ಅಂದರು.

“ಗೋಡೆ ಕೊರೀಬೇಕಲ್ಲ ಸಾಬ್ರೇ. ಮನೇಲಿ ದಿನ ತುಂಬಿದ ಬಸುರಿ. ಬಾಣಂತನ ಮುಗೀಲಿ, ಆಮೇಲೆ ನೋಡೋಣ.”

ಸಾಬ್ರು ಸ್ಕ್ರೂಡ್ರೈವರ್ ಎತ್ತಿ ಸೂರಿನ ಹತ್ತಿರದ ಕಿಂಡಿ ತೋರಿಸಿದರು. “ಹಂಗಾದ್ರೆ ಆ ಕಿಂಡಿ ಮುಚ್ಚಬೇಡಿ. ಈ ಉರಿ ಗಾಳಿ ತಿಂದು ಬದುಕೋದು. ನೀಲಿ ಇದ್ರೆ ಹೊಟ್ಟೆ ತುಂಬೈತೆ ಅಂತ. ಹಳದಿ ಆದ್ರೆ ಗಾಳಿ ಸಾಲ್ತಿಲ್ಲ ಅಂತ. ಆಗ ಅದು ವಿಷ ಬಿಡ್ತದೆ. ಕಣ್ಣಿಗೆ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ.”

“ಇಷ್ಟು ಡಬ್ಬಕ್ಕೆ ಅಷ್ಟೊಂದು ತಿನ್ನೋಕೆ ಬೇಕಾ? ನಮ್ಮ ಪುರಸಭೆ ಅಧ್ಯಕ್ಷರೇ ವಾಸಿ.”

ಸಾಬ್ರು ನಗಲಿಲ್ಲ. “ಹೊಗೆ ಬಂದ್ರೆ ಜನ ಎದ್ದು ಓಡ್ತಾರೆ. ಇದಕ್ಕೆ ಕೂತಲ್ಲೇ ನಿದ್ದೆ ಬರ್ತದೆ, ಅಷ್ಟೇ.”

ಬಾಣಂತಿಗೆ, ಕೂಸಿಗೆ ನೀರೆರೆಯೋಕೆ ನಿಂಗಮ್ಮ ಬರುತ್ತಿದ್ದಳು. ನಮ್ಮ ಹಳೇ ಹಂಡೆಗಿಂತ ಒಂದು ಗೇಣು ಎತ್ತರದ ಮುದುಕಿ. ಆದರೆ ಅವಳ ಮುಂದೆ ನಮ್ಮಮ್ಮನೂ ಮೆತ್ತಗಾಗೋಳು. ಬಾಣಂತನ ಅಂದರೆ ನಮ್ಮಲ್ಲಿ ಗಾಳಿಯ ಮೇಲೆ ಮಾಡೋ ಯುದ್ಧ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿಗೆ ಕಂಬಳಿ. ಒಂದು ಎಳೆ ಥಂಡಿ ಒಳಗೆ ಬಂದರೆ ಬಾಣಂತಿಗೆ ಸನ್ನಿ ಹಿಡಿಯುತ್ತೆ ಅಂತ ಅಮ್ಮ ನಡುಗೋಳು. ವಾರಿಜಾ ಒಂದು ಸಲ ಸೀನಿದರೆ ಮೂರು ಜನ ಎದ್ದು ಬಾಗಿಲು ಹಾಕುತ್ತಿದ್ದೆವು.

ಹೆರಿಗೆಯಾಗಿ ಹದಿನಾಲ್ಕನೇ ದಿನ. ಬೆಳಿಗ್ಗೆ ನಿಂಗಮ್ಮ ಕೂಸಿಗೆ ಎರೆದು, ಸುತ್ತಿ, ಅಮ್ಮನ ಕೈಗೆ ಕೊಟ್ಟಳು. ಆಮೇಲೆ ವಾರಿಜಾಳನ್ನ ಮಣೆ ಮೇಲೆ ಕೂರಿಸಿ ಎಣ್ಣೆ ಹಚ್ಚಿ ಎರೆಯೋಕೆ ಶುರು ಮಾಡಿದಳು. ನಾನು ಹಜಾರದಲ್ಲಿ ಪೇಪರ್ ಓದ್ತಾ ಕೂತಿದ್ದೆ. ಚೊಂಬಿನ ಸದ್ದು ಗಡಿಯಾರದ ಹಾಗೆ ಕೇಳುತ್ತಿತ್ತು. ಮುಕ್ಕಾಲು ಗಂಟೆ ಆಗಿರಬೇಕು, ನಿಂಗಮ್ಮ ಹೊರಗೆ ಬಂದು ಬಾಗಿಲು ಎಳೆದುಕೊಂಡು ಗೋಡೆ ಹಿಡಿದಳು.

“ತಲೆ ಯಾಕೋ ದಿಮ್ಮಂತದೆ ಕಣಪ್ಪ. ವಯಸ್ಸಾಯ್ತು. ಒಂದು ಗುಟುಕು ಕಾಫಿ ಕುಡ್ಕೊಂಡು ಬರ್ತೀನಿ.”

ಅವಳು ಅಡುಗೆಮನೆಗೆ ಹೋದಳು. ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಒಂದು ಪುಟ ತಿರುಗಿಸಿದೆ. ಬಕೆಟ್ ತುಂಬಿ ನೀರು ನೆಲಕ್ಕೆ ಬೀಳೋ ಸದ್ದು ಬಂತು. ಯಾರೂ ನಲ್ಲಿ ನಿಲ್ಲಿಸಲಿಲ್ಲ. ಚೊಂಬು ಅಲ್ಲಾಡಲಿಲ್ಲ.

“ವಾರೀ,” ಅಂದೆ. ಇನ್ನೊಂದು ಸಲ ಜೋರಾಗಿ ಅಂದೆ.

ಎದ್ದು ಬಾಗಿಲ ಹತ್ತಿರ ಹೋದೆ. ಸಂದಿಯಿಂದ ಗೋಡೆಯ ಒಂದು ಪಟ್ಟಿ ಮಾತ್ರ ಕಾಣುತ್ತಿತ್ತು. ಹಬೆಯ ನಡುವೆ ಆ ಕಣ್ಣು. ಅದು ನೀಲಿ ಇರಲಿಲ್ಲ. ಕಾಮಾಲೆ ಹತ್ತಿದ ಹಾಗೆ ಹಳದಿಯಾಗಿ, ನನ್ನನ್ನೇ ನೋಡ್ತಾ ಅಲುಗಾಡುತ್ತಿತ್ತು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ತಳ್ಳಿದರೆ ಸಾಕಿತ್ತು. ತಳ್ಳಲಿಲ್ಲ. ಒಳಗೆ ತಂಗಿ ಎರೆದುಕೊಳ್ಳುತ್ತಿದ್ದಾಳೆ, ಅಣ್ಣನಾದವನು ಹೇಗೆ ನುಗ್ಗೋದು? ಕೈ ಬಾಗಿಲ ಮೇಲಿಟ್ಟು, “ಅಮ್ಮಾ, ನಿಂಗಮ್ಮಾ” ಅಂತ ಕೂಗಿದೆ. ಉಸಿರು ನಿಲ್ಲೋ ಹೊತ್ತಲ್ಲಿ ನಾನು ಮರ್ಯಾದೆ ಲೆಕ್ಕ ಹಾಕ್ತಾ ನಿಂತಿದ್ದೆ. ಎಷ್ಟು ಹೊತ್ತು ನಿಂತಿದ್ದೆನೋ ಇವತ್ತಿಗೂ ಗೊತ್ತಿಲ್ಲ. ಕನಸಿನಲ್ಲಿ ಮಾತ್ರ ತುಂಬ ಹೊತ್ತು ನಿಂತಿರ್ತೀನಿ.

ನಿಂಗಮ್ಮ ಕಾಫಿ ಲೋಟ ಅಲ್ಲೇ ಬಿಸಾಕಿ ಬಂದು ನನ್ನನ್ನ ಪಕ್ಕಕ್ಕೆ ತಳ್ಳಿದಳು. ಬಾಗಿಲು ತೆರೆದು ಒಳಗೆ ಹೋದಳು. ವಾರಿಜಾ ಮಣೆಯಿಂದ ಜಾರಿ ಗೋಡೆಗೆ ಒರಗಿದ್ದಳು. ಆ ಮುದುಕಿ ತನಗಿಂತ ಎರಡು ಪಾಲು ಇರೋ ಹುಡುಗೀನ ಕಂಕುಳಿಗೆ ಕೈ ಹಾಕಿ ಹೊಸಿಲು ದಾಟಿಸಿ ಹಿತ್ತಲ ಗಾಳಿಗೆ ಎಳೆದುಹಾಕಿ, ಮೈಮೇಲೆ ತನ್ನ ಸೆರಗನ್ನೇ ಹೊದಿಸಿ, ತಾನೂ ಪಕ್ಕದಲ್ಲಿ ಕುಸಿದಳು. ನಾನು ಗ್ಯಾಸ್ ಆರಿಸಿದೆ. ನನ್ನ ಪಾಲಿನ ಪರಾಕ್ರಮ ಅಷ್ಟೇ.

ಆಸ್ಪತ್ರೇಲಿ ವಾರಿಜಾಳ ಮೂಗಿಗೆ ಆಮ್ಲಜನಕದ ಮಾಸ್ಕ್ ಹಾಕಿದರು. ಮನೇಲಿ ಕೂಸು ಹಾಲಿಗೆ ಅಳುತ್ತಿದೆ ಅಂತ ಎರಡು ಸಲ ಸುದ್ದಿ ಬಂತು. ಹದಿನಾಲ್ಕು ದಿನದ ಕೂಸಿಗೆ ಮುಂದೆ ಅಮ್ಮನ ಬಗ್ಗೆ ಏನಂತ ಹೇಳೋದು ಅಂತ ಬೆಂಚಿನ ಮೇಲೆ ಕೂತು ವಾಕ್ಯ ಜೋಡಿಸುತ್ತಿದ್ದೆ. ಒಂದೂ ಜೋಡಿಸೋಕಾಗಲಿಲ್ಲ. ಮಧ್ಯಾಹ್ನ ಅವಳು ಕಣ್ಣು ಬಿಟ್ಟಳು. “ನಿದ್ದೆ ಬರ್ತಿತ್ತು ಕಣೋ ಅಣ್ಣ,” ಅಂದಳು. “ಎಷ್ಟು ಹಿತವಾಗಿತ್ತು ಗೊತ್ತಾ.” ಆ ದಿನದಲ್ಲಿ ನನಗೆ ಅತ್ಯಂತ ಹೆದರಿಕೆ ಆಗಿದ್ದು ಆ ಮಾತಿಗೆ.

ಮಾರನೇ ದಿನ ಪ್ಯಾರೇಜಾನ್ ಸಾಬ್ರು ಬಂದರು. ನೇರ ಬಚ್ಚಲಿಗೆ ಹೋಗಿ, ಸ್ಟೂಲ್ ಹತ್ತಿ, ಕಿಂಡಿಗೆ ತುರುಕಿದ್ದ ಗೋಣಿತಾಟನ್ನ ಎಳೆದು ಕೆಳಗೆ ಹಾಕಿದರು.

“ಯಾರು ಮುಚ್ಚಿದ್ದು?”

ಅಮ್ಮನ ಭಯಕ್ಕೆ ಒಂದು ಹೆಸರು ಬೇಕಿತ್ತು. ಕೂಸಿಗೆ ಎರೆಯೋಕೆ ಬಂದು ಬಾಗಿಲಲ್ಲಿ ನಿಂತಿದ್ದವಳ ಕಡೆ ತಿರುಗಿ ಕೇಳಿದಳು, “ನಿಂಗಮ್ಮಾ, ಥಂಡಿ ಥಂಡಿ ಅಂತ ನೀನೇ ತುರುಕಿದ್ಯಾ?”

ನಿಂಗಮ್ಮ ಗೋಣಿತಾಟು ನೋಡಿದಳು. ಸ್ಟೂಲ್ ನೋಡಿದಳು. ಆಮೇಲೆ ನನ್ನನ್ನ ನೋಡಿದಳು.

ಆ ಅನಾಹುತದ ಹಿಂದಿನ ದಿನ ಸಂಜೆ ವಾರಿಜಾ ಎರಡು ಸಲ ಸೀನಿದ್ದಳು. ಅದೇ ಸ್ಟೂಲ್ ಹತ್ತಿ ಆ ಗೋಣಿತಾಟು ಮಡಿಚಿ ತುರುಕಿದವನು ನಾನು. ಸಾಬ್ರ ಮಾತು ಮರೆತಿರಲಿಲ್ಲ, ನೆನಪಿತ್ತು. ಒಂದು ಸ್ನಾನದಷ್ಟು ಹೊತ್ತಿಗೆ ಏನಾಗುತ್ತೆ ಅಂದುಕೊಂಡಿದ್ದೆ. ಈಗ ಬಾಯಿ ತೆರೆದೆ. ಊರಿಗೆಲ್ಲ ಬಾಯಿ ಕೊಡೋ ನನಗೆ ಅವತ್ತು ನನ್ನ ಬಾಯೇ ಸಿಗಲಿಲ್ಲ.

“ಹೂಂ ಕಣವ್ವ, ನಾನೇ ಇರ್ಬೇಕು,” ಅಂದಳು ನಿಂಗಮ್ಮ. “ವಯಸ್ಸಾಯ್ತು. ನೆಪ್ಪಿಲ್ಲ.”

ಅವತ್ತಿಂದ ಅಮ್ಮ ಅವಳನ್ನ ಕರೆಸಲಿಲ್ಲ. ಸುದ್ದಿ ಕೇಳಿ ಬೇರೆ ಮನೆಯವರೂ ಹಿಂದೇಟು ಹಾಕಿದರು. ನಾನು ಅದೇ ವಾರ ಗೋಡೆ ಕೊರೆಸಿ ಗೀಸರನ್ನ ಹಿತ್ತಲ ಗೋಡೆಗೆ ಹಾಕಿಸಿದೆ. ದಿನಾ ಬೆಳಿಗ್ಗೆ ಯಾರೂ ಏಳೋ ಮುಂಚೆ ಸ್ಟೂಲ್ ಹತ್ತಿ ಕಿಂಡಿಯೊಳಗೆ ಕೈ ಹಾಕಿ ಗಾಳಿ ಇದೆಯಾ ಅಂತ ನೋಡುತ್ತಿದ್ದೆ. ಗಾಳಿ ಇರುತ್ತಿತ್ತು. ಹೆದರಿಕೆ ಮಾತ್ರ ಹೋಗುತ್ತಿರಲಿಲ್ಲ.

ಮೂರು ವರ್ಷದ ಮೇಲೆ ವಾರಿಜಾ ಎರಡನೇ ಹೆರಿಗೆಗೆ ಬಂದಳು. ನಾನೇ ಹೋಗಿ ನಿಂಗಮ್ಮನ್ನ ಕರೆದೆ.

“ನಿಮ್ಮವ್ವ ಬಯ್ಯಕಿಲ್ವಾ?”

“ನಾನು ಹೇಳ್ತೀನಿ ಬಾ.”

“ಏನಂತ?” ಅಂದು ಅವಳು ಚಪ್ಪಲಿ ಮೆಟ್ಟಿಕೊಂಡಳು. ದಾರೀಲಿ ನಾನು ವಾಕ್ಯ ಜೋಡಿಸಿದೆ. ಆಗಲೂ ಜೋಡಣೆ ಆಗಲಿಲ್ಲ.

ಅಮ್ಮ ಮುಖ ಗಂಟಿಕ್ಕಿ ಬಚ್ಚಲ ಬಾಗಿಲಲ್ಲೇ ನಿಂತಿದ್ದಳು. ನಿಂಗಮ್ಮ ಅವಳನ್ನ ದಾಟಿ ಒಳಗೆ ಹೋಗಿ, “ಗಾಳಿ ಆಡ್ತದಾ ನೋಡ್ತೀನಿ ಇರವ್ವ,” ಅಂತ ಕಿಂಡಿಯ ಕಡೆ ಕೈ ಎತ್ತಿದಳು. ಹೆಬ್ಬೆರಳ ತುದೀಲಿ ನಿಂತು ಎತ್ತಿದಳು. ಬೆರಳ ತುದಿಗೂ ಕಿಂಡಿಗೂ ನಡುವೆ ಸ್ಟೂಲ್ ಹತ್ತಿದರೂ ನಿಲುಕದಷ್ಟು ಗೋಡೆ ಉಳಿದಿತ್ತು. ಅಮ್ಮ ಆ ಗೋಡೆಯನ್ನ ಕೆಳಗಿಂದ ಮೇಲೆ ನೋಡಿದಳು.

“ನಾನಮ್ಮ,” ಅಂದೆ.

ಅಮ್ಮ ನನ್ನ ಕಡೆ ತಿರುಗಲಿಲ್ಲ. ಒಳಗೆ ಹೋಗಿ, ಎತ್ತಿದ್ದ ಆ ಕೈಯನ್ನ ಮೆಲ್ಲಗೆ ಇಳಿಸಿ, ತನ್ನೆರಡು ಕೈಲಿ ಹಿಡಿದುಕೊಂಡು ನಿಂತಳು. ನಿಂಗಮ್ಮ ಇನ್ನೊಂದು ಕೈಲಿ ನಲ್ಲಿ ತಿರುಗಿಸಿದಳು. ಹಿತ್ತಲ ಗೋಡೆಯ ಮೇಲೆ, ಬಿಸಿಲಲ್ಲಿ ಕಂಡೂ ಕಾಣದ ಹಾಗೆ, ನೀಲಿ ಕಣ್ಣು ಟಕ್‌ಟಕ್ ಅಂತ ತೆರೆದುಕೊಂಡಿತು.