ಹಗ್ಗದ ಇನ್ನೊಂದು ತುದಿ

ಮೇಲಿನ ಮಹಡಿಯ ನಾಯಿ ಬೊಗಳಿದರೆ ಕಾವಲು, ಮೆಟ್ಟಿಲ ಕೆಳಗಿನದು ಬೊಗಳಿದರೆ ಕಾಟ. ಆ ವಸತಿ ಕಟ್ಟಡದ ಕಾನೂನು ಅಷ್ಟೇ.

ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಸ್ತ್ರಿಯಕ್ಕ, ಕಣ್ಣು ಕಾಣದ ಅವಳ ಅತ್ತೆ ಮತ್ತು ಕೆಂಡ ಎಂಬ ಕೆಂಚು ನಾಯಿ. ಸೊಸೆ ಬಟ್ಟೆಯ ಗಂಟು ಹೊತ್ತು ಮಹಡಿ ಹತ್ತಿದಾಗ ಮುದುಕಿಯನ್ನು ನಲ್ಲಿಯವರೆಗೆ ಕರೆದೊಯ್ಯುತ್ತಿದ್ದುದು ಕೆಂಡನೇ. ಆದರೆ ಕಟ್ಟಡದ ಕಾರ್ಯದರ್ಶಿಯನ್ನು ಕಂಡರೆ ಗಂಟಲು ಹರಿಯುವಂತೆ ಬೊಗಳುತ್ತಿತ್ತು. ಬರುವ ಭಾನುವಾರದ ಸಭೆಯ ಹೊತ್ತಿಗೆ ತೆಪ್ಪಗಾಗದಿದ್ದರೆ ನಾಯಿ ಗೇಟಿನಾಚೆ ಎಂದು ಆತ ಹೇಳಿಬಿಟ್ಟಿದ್ದ.

ಇಸ್ತ್ರಿಯಕ್ಕ ಮೈದಾನದ ನಾಯಿ ತರಬೇತಿಗೆ ಬಂದು, ನಡೆದದ್ದನ್ನು ಹೇಳಿ, ಹಗ್ಗವನ್ನು ಮುಷ್ಟಿಗೆ ಸುತ್ತಿಕೊಂಡು, ಎಲ್ಲರಿಗಿಂತ ದೂರ ನಿಂತಳು.

"ನಾಲ್ಕು ಬಿಟ್ರೆ ದಾರಿಗೆ ಬರುತ್ತೆ ಕಣಮ್ಮ," ಎಂದ ಸೀಟಿ ತಾತ. ಕೊರಳಲ್ಲಿ ಸದಾ ಸೀಟಿ ನೇತಾಡುವ ನಿವೃತ್ತ ಡ್ರಿಲ್ ಮಾಸ್ತರ ಅವನು.

"ತಾತ, ನಿಮ್ಮ ನಾಯಿ ನಿಮ್ಮ ಬೂಟಿನ ದಾರ ತಿಂತಿದೆ. ಮೊದಲು ಅದನ್ನ ನೋಡಿ," ಎಂದಳು ತರಬೇತಿ ಕೊಡುವ ಟೀಚರ್. ಆಮೇಲೆ ಇಸ್ತ್ರಿಯಕ್ಕನ ಪಕ್ಕ ಬಂದು ನಿಂತಳು. "ಆ ಕಾರ್ಯದರ್ಶಿ ಇದಕ್ಕೆ ಹೊಡೆದಿದ್ರಾ ಅಕ್ಕ?"

"ಮುಟ್ಟೂ ಇಲ್ಲ."

"ನಿಮಗೆ ಏನಾದ್ರೂ ಅಂತಾರಾ?"

"ಬೈತಾರೆ. ಲಿಫ್ಟ್ ಹತ್ತಿದ್ರೆ ಬೈತಾರೆ, ಗಂಟು ಕೆಳಗಿಟ್ರೆ ಬೈತಾರೆ. ದೊಡ್ಡೋರು, ಬೈಯೋದೇ ಅಲ್ವಾ ಅವರ ಕೆಲಸ."

ಮನೆ ನೋಡದೆ ಪಾಠ ಶುರುಮಾಡುವುದು ಟೀಚರಳ ಪದ್ಧತಿಯಲ್ಲ. ಮರುದಿನ ಬೆಳಿಗ್ಗೆ ಮೆಟ್ಟಿಲ ಕೆಳಗೆ ಹಾಜರಾದಳು.

"ನನ್ನ ಜೊತೆ ಇದ್ದಾಗ ಇದು ಯಾರಿಗೂ ಬೊಗಳಿದ್ದಿಲ್ಲ," ಎಂದು ಅತ್ತೆ ಗೊಣಗಿದಳು. "ಎಲ್ಲ ಇವಳ ಮುದ್ದಿನ ಫಲ."

ಟೀಚರಳ ಕಿವಿ ನಿಮಿರಿತು. ಕೆಂಡನನ್ನು ಮುದುಕಿಯ ಬಳಿ ಬಿಟ್ಟು, ಹಗ್ಗದ ಕೊಂಡಿಯನ್ನು ತಾನೇ ಹಿಡಿದು, ಅಂಗಳದ ಗೋಡೆಗೆ ಮುಖಮಾಡಿ ಕಣ್ಣು ಮುಚ್ಚಿದಳು. "ಈಗ ನಾನೇ ಕೆಂಡ. ಅಕ್ಕ, ನೀವು ಆ ತುದಿ ಹಿಡ್ಕೊಂಡು ಸುಮ್ನೆ ನಿಂತಿರಿ."

"ದುಡ್ಡಿಗೆ ನಾಯಿ ಆಗೋರನ್ನ ಇದೇ ಮೊದಲು ಕೇಳಿದ್ದು ನಾನು!" ಅತ್ತೆ ನಕ್ಕಳು.

ಸ್ವಲ್ಪ ಹೊತ್ತಿಗೆ ಹಗ್ಗ ಬಿಗಿಯಿತು.

"ಕಾರ್ಯದರ್ಶಿ ಬಂದ್ರು," ಎಂದಳು ಟೀಚರ್, ಕಣ್ಣು ಬಿಡದೆ.

ಬಂದಿದ್ದ. ರಬ್ಬರ್ ಚಪ್ಪಲಿಯಲ್ಲಿ, ಸದ್ದೇ ಇಲ್ಲದೆ ಅಂಗಳ ದಾಟಿ ಹೋದ. ಮುದುಕಿಯ ಬಳಿಯಿದ್ದ ಕೆಂಡ ಬೊಗಳಲೇ ಇಲ್ಲ.

"ಹೇಗೆ ಗೊತ್ತಾಯ್ತು?" ಎಂದಳು ಇಸ್ತ್ರಿಯಕ್ಕ.

"ನೀವೇ ಹೇಳಿದ್ರಿ, ಹಗ್ಗ ಬಿಗಿಹಿಡಿದು. ಅಜ್ಜಿಗೆ ಕಾರ್ಯದರ್ಶಿ ಕಾಣಲ್ಲ, ಅದಕ್ಕೇ ಅಜ್ಜಿ ಕೈ ಬಿಗಿಯಾಗಲ್ಲ. ನಿಮ್ಮ ಹೆದರಿಕೆಗೆ ಬಾಯಿ ಇಲ್ಲ ಅಕ್ಕ. ಕೆಂಡ ತನ್ನ ಬಾಯಿ ಕೊಡ್ತಿದೆ."

ಇಸ್ತ್ರಿಯಕ್ಕನ ಮುಖ ಬಾಡಿತು. "ಹಾಗಾದ್ರೆ ತಪ್ಪೆಲ್ಲ ನಂದೇ."

"ಹೆದರಿದವರದ್ದು ಯಾಕೆ ತಪ್ಪು? ಹೆದರಿಸಿದವರದ್ದು. ಆದ್ರೆ ಹಗ್ಗ ನಿಮ್ಮ ಕೈಲಿದೆ, ಅದು ಒಳ್ಳೇದೇ ಆಯ್ತು. ಇಸ್ತ್ರಿಪೆಟ್ಟಿಗೆ ಕಾದಿದೆಯಾ ಅಂತ ಒದ್ದೆ ಬೆರಳಲ್ಲಿ ಮುಟ್ಟಿ ನೋಡ್ತೀರಲ್ಲ, ಆಗ ಕೈ ಹೇಗಿರುತ್ತೆ?"

"ಹಗುರ."

"ಅದೇ ಕೈ ಬೇಕು ನನಗೆ."

ಆ ವಾರವೆಲ್ಲ ಮೈದಾನದಲ್ಲಿ ಸೀಟಿ ತಾತನೇ ಕಾರ್ಯದರ್ಶಿ. ಎದೆಯುಬ್ಬಿಸಿ ಬಂದು, ಇಸ್ತ್ರಿಯಕ್ಕನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದ. ಅವಳು ಬೆರಳು ಬಿಚ್ಚಿ, ಒಂದೇ ಸಲ "ಕೂತ್ಕೋ" ಎನ್ನಬೇಕು. ಕೆಂಡ ಕೂತರೆ ತಿನಿಸು. ಮೊದಮೊದಲು ಅವಳ ಬೆರಳೂ ಬಿಚ್ಚಲಿಲ್ಲ, ಕೆಂಡನ ಬಾಯಿಯೂ ಮುಚ್ಚಲಿಲ್ಲ. ಕೊನೆಕೊನೆಗೆ ಬೈಗುಳ ಕೇಳಿದರೆ ಅವಳಿಗೆ ನಗು ಬರತೊಡಗಿತು.

"ಇನ್ನೊಂಚೂರು ಜೋರಾಗಿ, ತಾತ!"

"ಇನ್ನೆಷ್ಟಮ್ಮಾ? ನನ್ನ ಹೆಂಡತಿ ಬೈತಿದ್ದಿದ್ದೂ ಇಷ್ಟೇ!"

ಭಾನುವಾರ ಸಭೆ ಅಂಗಳದಲ್ಲೇ ನೆರೆಯಿತು. ಟೀಚರ್ ಗೇಟಿನ ಬಳಿಯೇ ನಿಂತಳು, ಹತ್ತಿರ ಬರಲಿಲ್ಲ. ಕಾರ್ಯದರ್ಶಿ ಮೇಜು ಗುದ್ದಿ ಎದ್ದ. "ಏಯ್! ಇದನ್ನ ಯಾಕೆ ಕರ್ಕೊಂಡ್ಬಂದೆ ಇಲ್ಲಿಗೆ?"

ಇಸ್ತ್ರಿಯಕ್ಕನ ಮುಷ್ಟಿ ಬಿಗಿಯಿತು. ಕೆಂಡ ಗುರ್ ಎಂದಿತು.

ಒಂದೊಂದಾಗಿ ಬೆರಳು ಬಿಚ್ಚಿದವು. ಹಗ್ಗ ಜೋತುಬಿದ್ದು ನೆಲ ಮುಟ್ಟಿತು.

"ಕೂತ್ಕೋ."

ಕೆಂಡ ಕೂತಿತು.

ಕಾರ್ಯದರ್ಶಿ ಇನ್ನಷ್ಟು ಅರಚಿದ. ಆ ಅಬ್ಬರಕ್ಕೆ ಮೇಲಿನ ಬಾಲ್ಕನಿಗಳ ನಾಯಿಗಳೆಲ್ಲ ಒಟ್ಟಿಗೆ ಬೊಗಳತೊಡಗಿದವು, ಅವನ ಮನೆಯದೂ ಸೇರಿ. ಕೆಂಡ ಬಾಯ್ತುಂಬ ಆಕಳಿಸಿತು.

"ಈಗ ಯಾರ ನಾಯೀನ ಗೇಟಿನಾಚೆ ಹಾಕೋಣ ಸಾರ್?" ಎಂದಿತು ಹಿಂದಿನಿಂದ ಒಂದು ದನಿ. ಅಂಗಳಕ್ಕೆ ಅಂಗಳವೇ ನಕ್ಕಿತು. ಗೇಟಿನ ಬಳಿ ಟೀಚರ್ ಚಪ್ಪಾಳೆ ತಟ್ಟಿದಳು.

"ಕೆಂಡ ಇಲ್ಲೇ ಇರುತ್ತೆ," ಎಂದಳು ಇಸ್ತ್ರಿಯಕ್ಕ. "ಇನ್ಮೇಲೆ ನನ್ನ ಏಯ್ ಅನ್ಬೇಡಿ."

ಸಭೆ ಹೂಂಗುಟ್ಟಿತು.

ಮರುದಿನ ಅವಳು ಗಂಟು ಹೊತ್ತು ಲಿಫ್ಟಿನೊಳಗೆ ಕಾಲಿಟ್ಟಳು. ಒಳಗೆ ಕಾರ್ಯದರ್ಶಿ ಒಬ್ಬನೇ. ಅವನು ಬಾಯಿ ತೆರೆಯುವ ಮೊದಲೇ, ಕಾದ ಇಸ್ತ್ರಿಪೆಟ್ಟಿಗೆ ಮುಟ್ಟುವಷ್ಟೇ ಹಗುರವಾಗಿ ಹೇಳಿದಳು:

"ಮೂರನೇ ಮಹಡಿ ಒತ್ತಿ ಸಾರ್. ನನ್ನ ಕೈ ಖಾಲಿ ಇಲ್ಲ."

ಅವನು ಒತ್ತಿದ.